ಕಿಂಗ್ ಪಿನ್ ಅಳೆಯುವ ಬಳ್ಳಾರಿಯ ಶೆಡ್ಡು

ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ ಹೇರಿಕೊಂಡು ಹೋಗುವ ಎರಡು ಟ್ರೇಲರ್‌ಗಳು ನನ್ನವು. ಎಂಜಿನ್, ಟೈರು, ಬ್ರೇಕು ನೋಡುವವರು ಬಳ್ಳಾರಿಯಿಂದ ಹೊಸಪೇಟೆಯವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ಸಿಗುತ್ತಾರೆ. ಆದರೆ ಲಾರಿಯನ್ನೂ ಟ್ರೇಲರನ್ನೂ ಒಂದಾಗಿ ಹಿಡಿದಿಡುವ ಫಿಫ್ತ್ ವೀಲ್ (ಲಾರಿಯ ಹಿಂಭಾಗದಲ್ಲಿರುವ, ದವಡೆಯುಳ್ಳ ತಟ್ಟೆ) ಮತ್ತು ಕಿಂಗ್ ಪಿನ್ನುಗಳನ್ನೇ (ಆ ದವಡೆಗೆ ಸಿಕ್ಕುವ, ಟ್ರೇಲರಿನ ಅಡಿಯ ಉಕ್ಕಿನ ಗೂಟ) ಮುಖ್ಯ ಕೆಲಸವಾಗಿ ಮಾಡುವವರು ಕಡಿಮೆ. ಬಳ್ಳಾರಿಯ ಹೊರವಲಯದಲ್ಲಿ ಅಂಥ ಒಂದು ವರ್ಕ್‌ಶಾಪ್ ಇದೆ. ಅದಕ್ಕೆ ನಾಮಫಲಕವಿಲ್ಲ, ಚಾಲಕರೆಲ್ಲ ಅದನ್ನು ಫಿಫ್ತ್ ವೀಲ್ ಶೆಡ್ಡು ಎಂದೇ ಕರೆಯುತ್ತಾರೆ. ಒಂದೂವರೆ ವರ್ಷದಲ್ಲಿ ಐದು ಬಾರಿ ಅಲ್ಲಿಗೆ ಹೋಗಿರುವುದರಿಂದ ಅದರ ಗುಣದೋಷಗಳೆರಡನ್ನೂ ಬರೆಯಬಲ್ಲೆನೆಂದುಕೊಂಡಿದ್ದೇನೆ.

ಮೊದಲ ಬಾರಿ ಹೋದದ್ದು ಪೆಟ್ಟು ತಿಂದ ಮೇಲೆ. ಒಂದು ಯಾರ್ಡಿನಲ್ಲಿ ಲೋಡ್ ಆಗಿ ನಿಂತಿದ್ದ ಟ್ರೇಲರಿನ ಮುಂಭಾಗವನ್ನು ಹೊರುವ ಜಾಕ್ ಕಾಲುಗಳನ್ನು ಯಾರೋ ಹೆಚ್ಚು ಇಳಿಸಿ ಅದನ್ನು ಅಗತ್ಯಕ್ಕಿಂತ ಎತ್ತರಿಸಿದ್ದರು. ನಮ್ಮ ಚಾಲಕ ಲಾರಿಯನ್ನು ಹಿಂದಕ್ಕೆ ಒತ್ತಿದಾಗ ಕಿಂಗ್ ಪಿನ್ ದವಡೆಯ ಒಳಗೆ ಇಳಿಯದೆ ಅದರ ಮೇಲೆಯೇ ಕುಳಿತಿತು. ಕೆಳಗೆ ದವಡೆ ಖಾಲಿಯಾಗಿಯೇ ಮುಚ್ಚಿಕೊಂಡು, ಅದನ್ನು ಬಿಡಿಸುವ ಹಿಡಿಕೆಯೂ ಒಳಗೆ ಸರಿದದ್ದರಿಂದ ಎಲ್ಲವೂ ಸರಿಯಾಗಿ ಕಂಡಿತು. ಒಮ್ಮೆ ಮೆಲ್ಲಗೆ ಎಳೆದು ನೋಡಿದಾಗ ಭಾರದ ಒತ್ತಡಕ್ಕೆ ಟ್ರೇಲರ್ ಕದಲಲಿಲ್ಲ. ಅವನು ಕಾಲುಗಳನ್ನು ಮೇಲೆತ್ತಿ ಹೊರಟ. ಗೇಟಿನ ತಿರುವಿನಲ್ಲಿ ಟ್ರೇಲರ್ ಜಾರಿ ಮೂತಿ ನೆಲಕ್ಕೆ ಬಡಿಯಿತು, ಏರ್ ಪೈಪುಗಳು ಹರಿದವು. ಗಾಳಿ ಹೋದೊಡನೆ ಟ್ರೇಲರಿನ ಬ್ರೇಕು ತಾನಾಗಿಯೇ ಹಿಡಿದದ್ದರಿಂದ ಅದು ಅಲ್ಲಿಯೇ ನಿಂತಿತು. ಹತ್ತಿರ ಯಾರೂ ಇರಲಿಲ್ಲ ಎಂಬುದು ನಮ್ಮ ಪುಣ್ಯ.

ಶೆಡ್ಡಿನ ಮೇಸ್ತ್ರಿ ಮೊದಲು ಮಾಡಿದ್ದು ಡೀಸೆಲ್ ಹಾಕಿ ಹಳೆಯ ಗ್ರೀಸನ್ನೆಲ್ಲ ತೊಳೆದದ್ದು. ನಮ್ಮ ಸೀಮೆಯ ಅದಿರಿನ ಕೆಂಪು ಧೂಳು ಗ್ರೀಸಿನಲ್ಲಿ ಬೆರೆತರೆ ಅದು ಸಾಣೆ ಹಿಡಿಯುವ ಲೇಪದಂತಾಗಿ ತಟ್ಟೆಯನ್ನೂ ಪಿನ್ನನ್ನೂ ಸವೆಸುತ್ತದೆ. ಹಳೆಯದನ್ನು ತೆಗೆಯದೆ ಮೇಲಿಂದ ಮೇಲೆ ಗ್ರೀಸ್ ಬಳಿಯುವುದೇ ಆರೈಕೆಯೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆಮೇಲೆ ಗೇಜು ಹಿಡಿದು ಅಳೆದರು. ಸಾಮಾನ್ಯ ಟ್ರೇಲರುಗಳ ಪಿನ್ನಿಗೆ ಬಾಯಿಮಾತಿನಲ್ಲಿ ಎರಡಿಂಚಿನದು ಎನ್ನುತ್ತೇವೆ. ದವಡೆ ಹಿಡಿಯುವ ಅದರ ಕುತ್ತಿಗೆ ಹೊಸದರಲ್ಲಿ 50.8 ಮಿ.ಮೀ. ಇದ್ದು, 49ಕ್ಕೆ ಇಳಿದರೆ ಪಿನ್ ಬದಲಿಸಬೇಕು. ಅದರ ಮೇಲಿನ ದಪ್ಪ ಭಾಗಕ್ಕೆ 73 ಮತ್ತು 71 ಮಿ.ಮೀ. ಲೆಕ್ಕ. ನಮ್ಮ ಪಿನ್ನಿನ ಕುತ್ತಿಗೆ 48.7 ಬಂತು. ವೆಲ್ಡಿಂಗ್ ಮಾಡಿ ತುಂಬಿಕೊಡಿ, ಸದ್ಯಕ್ಕೆ ಓಡಲಿ ಎಂದು ನಾನೇ ಕೇಳಿದೆ. ಹದ ಹಾಕಿದ ಉಕ್ಕು ವೆಲ್ಡಿಂಗಿನ ಶಾಖಕ್ಕೆ ಹದ ಕಳೆದುಕೊಂಡು ಒಂದು ದಿನ ಸೀಳುತ್ತದೆ ಎಂದು ಹೇಳಿ ಅವರು ನಿರಾಕರಿಸಿದರು. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಜೋಡಿ ವಾಹನಗಳ ಗರಿಷ್ಠ ಒಟ್ಟು ತೂಕವನ್ನು 49 ಟನ್ನಿನಿಂದ 55 ಟನ್ನಿಗೆ ಏರಿಸಿದೆ; ಟ್ರೇಲರನ್ನು ಎಳೆಯುವ ಬಲವೆಲ್ಲ ಹಾದುಹೋಗುವುದು ಈ ಒಂದು ಪಿನ್ನಿನ ಮೂಲಕ ಎಂಬುದನ್ನು ನೆನೆದಾಗ ಆ ನಿರಾಕರಣೆಗಾಗಿಯೇ ಹಣ ಕೊಡಬಹುದು ಎನಿಸಿತು.

ನಾನು ಈ ಜಾಗವನ್ನು ಮೆಚ್ಚುವುದಕ್ಕೆ ಇನ್ನೂ ದೊಡ್ಡ ಕಾರಣವೆಂದರೆ, ಚಾಲಕನ ಕೈಯಿಂದಲೇ ಜೋಡಣೆ ಮಾಡಿಸಿ ನೋಡದೆ ಅವರು ಗಾಡಿಯನ್ನು ಹೊರಗೆ ಬಿಡುವುದಿಲ್ಲ. ಟ್ರೇಲರಿನ ಪಾರ್ಕಿಂಗ್ ಬ್ರೇಕ್ ಹಾಕಿ ಚಕ್ರಕ್ಕೆ ಮರದ ತುಂಡು ಕೊಟ್ಟಿರಬೇಕು. ಟ್ರೇಲರಿನ ತಟ್ಟೆ ಫಿಫ್ತ್ ವೀಲಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಹೆಚ್ಚೆಂದರೆ 50 ಮಿ.ಮೀ. ಕೆಳಗೆ ಇರಬೇಕು; ಲಾರಿ ಹಿಂದೆ ಬಂದಾಗ ಟ್ರೇಲರ್ ತುಸು ಮೇಲೇಳಬೇಕೇ ಹೊರತು ತೇಲಿ ಒಳಬರಬಾರದು. ಕೊಂಡಿ ಬಿದ್ದ ಸದ್ದು ಕೇಳಿದ ಮೇಲೆ ಚಾಲಕ ಇಳಿದು, ಟಾರ್ಚ್ ಬೆಳಕು ಬಿಟ್ಟು, ತಟ್ಟೆಗಳ ನಡುವೆ ಸಂದಿಲ್ಲವೆಂಬುದನ್ನೂ ದವಡೆ ಪಿನ್ನಿನ ಕುತ್ತಿಗೆಯನ್ನೇ ಹಿಡಿದಿದೆಯೆಂಬುದನ್ನೂ ಕಣ್ಣಾರೆ ನೋಡಬೇಕು. “ಜಗ್ಗಿ ನೋಡಿದ್ರೆ ಸಾಲದು ತಮ್ಮಾ, ಬಗ್ಗಿ ನೋಡು” ಎಂದು ಮೇಸ್ತ್ರಿ ನಮ್ಮ ಚಾಲಕನಿಗೆ ಹೇಳಿದ್ದರು. ಎಳೆದು ನೋಡುವುದು, ಏರ್ ಪೈಪು ಮತ್ತು ಲೈಟಿನ ವಯರು ಸಿಕ್ಕಿಸುವುದು, ಕೊನೆಯಲ್ಲಿ ಕಾಲುಗಳನ್ನು ಎತ್ತುವುದು ಆಮೇಲಿನ ಕೆಲಸಗಳು. ಕೆಂಪು ಪೈಪು ಸಿಕ್ಕಿಸಿದೊಡನೆ ಗಾಳಿ ತುಂಬಿ ಟ್ರೇಲರಿನ ಬ್ರೇಕು ಬಿಡುವುದರಿಂದ, ಪಾರ್ಕಿಂಗ್ ಬ್ರೇಕ್ ಮರೆತವನ ಗಾಡಿ ಇಳಿಜಾರಿನಲ್ಲಿ ಅವನ ಮೈಮೇಲೆಯೇ ಬರಬಹುದು. ಇದನ್ನೆಲ್ಲ ಮೂರು ಬಾರಿ ಮಾಡಿಸಿದಾಗ ಇಪ್ಪತ್ತು ವರ್ಷದ ಅನುಭವಿಯಾದ ನಮ್ಮ ಚಾಲಕ ಗೊಣಗಿದ. ಈಗ ಕ್ಲೀನರಿಗೆ ಅವನೇ ಕಲಿಸುತ್ತಾನೆ.

ದೋಷಗಳೂ ಇವೆ. ಇರುವುದು ಒಬ್ಬರೇ ಮೇಸ್ತ್ರಿ, ಒಂದೇ ಗೇಜು. ಮೂರು ಗಂಟೆ ಕಾಯುವುದು ಮಾಮೂಲು. ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ನೆರಳಿಗೆ ನಿಲ್ಲಲು ಒಂದು ಬೇವಿನ ಮರವೂ ಅಲ್ಲಿಲ್ಲ. ತೊಳೆದು, ಅಳೆದು, ದವಡೆಯ ಸಡಿಲ ಸರಿಪಡಿಸಿ, ಹೊಸ ಗ್ರೀಸ್ ಹಾಕಲು ನನ್ನಿಂದ 1,200 ರೂಪಾಯಿ ತೆಗೆದುಕೊಂಡರು; ಅದು ದುಬಾರಿಯಲ್ಲ, ಆದರೆ ಅರ್ಧ ಹಾಳೆಯಲ್ಲಿ ಗೀಚಿಕೊಟ್ಟ ಬಿಲ್ಲನ್ನು ವಿಮೆಯವರು ಒಪ್ಪಲಿಲ್ಲ. ಭಾರೀ ಯಂತ್ರ ಸಾಗಿಸುವ ಟ್ರೇಲರುಗಳ 90 ಮಿ.ಮೀ. ಪಿನ್ನಿಗೆ ಬೇಕಾದ ಸಾಮಾನು ಇಲ್ಲಿ ಇರುವುದಿಲ್ಲ, ಅಂಥವರು ಫೋನಿನಲ್ಲಿ ವಿಚಾರಿಸಿಯೇ ಹೊರಡಬೇಕು. ಉಳಿದವರು ಬೆಳಿಗ್ಗೆ ಎಂಟರೊಳಗೆ ಹೋದರೆ ಮಧ್ಯಾಹ್ನಕ್ಕೆ ಲೋಡಿಗೆ ನಿಲ್ಲಬಹುದು. ಅಮಾವಾಸ್ಯೆಯ ದಿನ ಮಾತ್ರ, ಪೂಜೆ ಮುಗಿಯುವವರೆಗೆ, ಅವರು ಯಾವ ಗಾಡಿಯನ್ನೂ ಒಳಗೆ ಬಿಡುವುದಿಲ್ಲ.