ಬೆನ್ನುಹುರಿಯ ದ್ರವ ಸೋರಿಕೆ: ರೆಸ್ಟಾ, ಬ್ಲಡ್ ಪ್ಯಾಚಾ, ಆಪರೇಷನ್ನಾ?

ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ, ಅಲ್ವಾ? ಬೆನ್ನುಹುರಿಯ ಸುತ್ತಲಿನ ದ್ರವ ಸೋರಿದರೆ ಹೀಗಾಗುತ್ತದೆ. ಮೂರರಲ್ಲಿ ಯಾವ ಚಿಕಿತ್ಸೆ ಸರಿ ಅನ್ನುವುದು ಸೋರಿಕೆಯ ಕಾರಣದ ಮೇಲಿದೆ.

ಖರ್ಚು ನೋಡಿದರೆ ರೆಸ್ಟ್, ಕಾಫಿ ಅಗ್ಗ. ಶುರುವಿನಲ್ಲಿ ಕೆಲವರಿಗೆ ಅಷ್ಟೇ ಸಾಕು. ತಿಂಗಳುಗಟ್ಟಲೆ ಸುಮ್ನೆ ಮಲಗುವುದು ಬೇಡ.

ಸುಲಭದ್ದು ಬ್ಲಡ್ ಪ್ಯಾಚ್. ಸೋರಿಕೆ ಮುಚ್ಚಲೆಂದು ನಿಮ್ಮ ತೋಳಿನ ರಕ್ತವನ್ನೇ ತೆಗೆದು ಬೆನ್ನುಹುರಿಯ ಪೊರೆಯ ಹೊರಗೆ ಬಿಡುತ್ತಾರೆ. ಮತ್ತೆ ಮಾಡಿಸಬೇಕಾಗಬಹುದು. ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡ ಮೇಲೆ ಶುರುವಾಗಿ, ರೆಸ್ಟಿಗೂ ಬಗ್ಗದ ಸೋರಿಕೆಗೆ ನನ್ನ ಓಟು ಇದಕ್ಕೇ.

ಬಾಳಿಕೆ? ಡಿಸ್ಕ್ ಬಳಿ ಬೆಳೆದ ಮೂಳೆಯ ಮುಳ್ಳು ಪೊರೆಯನ್ನು ಹರಿದಿದ್ದರೆ ಪ್ಯಾಚ್ ಹಿಡಿಯುವುದು ಕಷ್ಟ, ಹೊಲಿಗೆ ಹಾಕುವ ಆಪರೇಷನ್ನೇ ಗಟ್ಟಿ. ದ್ರವ ನೇರವಾಗಿ ರಕ್ತನಾಳ ಸೇರುವ ಫಿಸ್ಟುಲಾ ಬೇರೆಯೇ ಕಥೆ. ಅದನ್ನು ವಿವರಿಸಿದ್ದೇ 2014ರಲ್ಲಿ. ಮಾಮೂಲಿ ಎಂಆರ್‌ಐಗೆ ಸಿಗುವುದು ಕಷ್ಟ, ಪಕ್ಕಕ್ಕೆ ಮಲಗಿಸಿ ಡೈ ಬಿಟ್ಟು ಹುಡುಕುತ್ತಾರೆ. ಸಿಕ್ಕರೆ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು, ಇಲ್ಲವೇ ಆಪರೇಷನ್ ಮಾಡಿ ಕಟ್ಟಬಹುದು.