ಐವತ್ತು ದಾಟಿದವರು ಸೈಕಲ್ ಕೊಳ್ಳೋಕೆ ಮುಂಚೆ ಇದನ್ನು ಓದಿ, ನನಗಾದದ್ದು ನಿಮಗಾಗಬಾರದು

ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದಿನ್ನೂ ನಡೆಯುತ್ತಿದೆ. ಬೆಂಗಳೂರು ದಕ್ಷಿಣದ ಕಡೆಯ ಒಂದು ಸೈಕಲ್ ಅಂಗಡಿ, ಇಷ್ಟು ಸಾಕು. ಆದರೆ ಏನಾಯಿತು ಅಂತ ಹೇಳದೆ ಇರೋಕೆ ಆಗುತ್ತಿಲ್ಲ, ಅಷ್ಟು ಹೊಟ್ಟೆ ಉರಿಯುತ್ತಿದೆ.

ನನಗೆ 57. ಎತ್ತರ ಐದಡಿ ನಾಲ್ಕಿಂಚು. ಈ ಎತ್ತರ ನೆನಪಿಟ್ಟುಕೊಳ್ಳಿ, ಇಡೀ ಕಥೆ ಇದರ ಮೇಲೇ ನಿಂತಿದೆ. ಶುಗರ್ ಗಡಿಯಲ್ಲಿದೆ, ಓಡೋದು ಬೇಡ, ಮಂಡಿಗೆ ಪೆಟ್ಟಾಗದ ಹಾಗೆ ಸೈಕಲ್ ತುಳಿಯಿರಿ, ವಾರಕ್ಕೆ ಕಡಿಮೆ ಅಂದ್ರೂ 150 ನಿಮಿಷ ಮೈ ದಣಿಯಬೇಕು ಅಂತ ಡಾಕ್ಟರ್ ಹೇಳಿದರು. ಹೈಸ್ಕೂಲ್ ಆದ ಮೇಲೆ ಸೈಕಲ್ ಮುಟ್ಟಿಲ್ಲ. ಗೇರ್ ಸೈಕಲ್ ಅಂತೂ ಹತ್ತೇ ಇಲ್ಲ. ಅಂಗಡಿಯವರಿಗೆ ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಿದೆ. ಅವರ ಕೆಲಸವೇ ಅಲ್ವಾ, ಆಳು ನೋಡಿ ಸೈಕಲ್ ಕೊಡೋದು?

ಟೇಪ್ ಹಿಡಿಯಲಿಲ್ಲ. ಕಾಲಿನ ಅಳತೆ ತೆಗೆಯಲಿಲ್ಲ. ಒಳಗಿಂದ ದಪ್ಪ ಟೈರಿನ, ಮುಂದೆ ಸಸ್ಪೆನ್ಷನ್ ಇರುವ ಒಂದು ಎಂಟಿಬಿ, ಅಂದರೆ ಮೌಂಟನ್ ಬೈಕ್, ತಂದು ನಿಲ್ಲಿಸಿದರು. "ಅಂಕಲ್, ಬೆಂಗಳೂರಿನ ಗುಂಡಿಗೆ ಇದೇ ಸರಿ. ನಿನ್ನೆ ಬಾಕ್ಸ್ ಒಡೆದು ಫಿಟ್ ಮಾಡಿದ್ದು." ಹತ್ತಿ ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಸೀಟನ್ನು ಪೂರ್ತಿ ಇಳಿಸಿದರು, ಹ್ಯಾಂಡಲ್ ಹತ್ತಿರವಾಗಲಿ ಅಂತ ಮುಂದಕ್ಕೂ ತಳ್ಳಿದರು. "ನೋಡಿ ಅಂಕಲ್, ನಿಮಗೆ ಅಂತಾನೇ ಮಾಡಿಸಿದಂಗಿದೆ."

24,500 ರೂಪಾಯಿ. ಬಿಲ್ ಕೇಳಿದೆ. "ಜಿಎಸ್‌ಟಿ ಬಿಲ್ ಬೇಕು ಅಂದ್ರೆ ಮೇಲೆ ಇನ್ನೂ 12 ಪರ್ಸೆಂಟ್ ಆಗುತ್ತೆ ಅಂಕಲ್, ಸುಮ್ನೆ ಯಾಕೆ" ಅಂದು ಎಸ್ಟಿಮೇಟ್ ಅಂತ ಅಚ್ಚಾಗಿರುವ ಚೀಟಿ ಕೊಟ್ಟರು. ಮಗಳು ಆಮೇಲೆ ಹೇಳಿದಳು. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಅದಕ್ಕಿಂತ ಮುಖ್ಯವಾಗಿ, ಎಂಆರ್‌ಪಿ ಅಂದರೆ ತೆರಿಗೆ ಸೇರಿದ ಬೆಲೆ. ಮೇಲೆ ಕೇಳುವ ಹಾಗೇ ಇಲ್ಲ. ಹಸಿ ಸುಳ್ಳು.

ತುಳಿಯೋಕೆ ಶುರು ಮಾಡಿದ ಮೇಲೆ ನೋವು ಶುರುವಾಯಿತು. ಹ್ಯಾಂಡಲ್‌ಗೆ ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಅಂಗೈ ಜೋಮು ಹಿಡಿಯುತ್ತಿತ್ತು. ಮಂಡಿಯ ಮುಂಭಾಗ ಚುಚ್ಚಿದ ಹಾಗೆ ನೋವು. ಸಿಗ್ನಲ್‌ನಲ್ಲಿ ಸೀಟಿಂದ ಇಳಿದರೆ ಫ್ರೇಮಿನ ಮೇಲಿನ ಕಂಬಿ ತೊಡೆಸಂದಿಗೇ ಬಡಿಯುತ್ತಿತ್ತು. ಒಂದು ದಿನ ಸೌತ್ ಎಂಡ್ ಸರ್ಕಲ್ ಹತ್ತಿರ ಸೈಕಲ್ ಸಮೇತ ಪಕ್ಕಕ್ಕೆ ವಾಲಿ ಬಿದ್ದೆ. ಹಿಂದೆ ಬಸ್ ಇತ್ತು. ಡ್ರೈವರ್ ಬ್ರೇಕ್ ಹಾಕಿದರು, ಬದುಕಿದೆ.

ಅಂಗಡಿಗೆ ಫೋನ್ ಮಾಡಿದೆ. "ಹೊಸದರಲ್ಲಿ ಎಲ್ಲರಿಗೂ ನೋಯುತ್ತೆ ಅಂಕಲ್, ಅಭ್ಯಾಸ ಆಗುತ್ತೆ." ಇನ್ನೊಮ್ಮೆ ಮಾಡಿದೆ. "ವಯಸ್ಸಾಯ್ತಲ್ಲ ಅಂಕಲ್, ಮಂಡಿ ಅಂದ್ಮೇಲೆ ನೋಯೋದೇ." ಪ್ರತಿ ಸಲವೂ ನನ್ನ ವಯಸ್ಸೇ. ಸೈಕಲ್ ಬಗ್ಗೆ ಒಂದು ಮಾತಿಲ್ಲ.

ಒಂದು ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್‌ಗೆ ಹೋದೆ. ಭಾನುವಾರ ಒಳಗೆ ವಾಹನ ಬಿಡಲ್ಲ, ಸೈಕಲ್ ಕಲಿಯುವವರಿಗೆ ಒಳ್ಳೆಯ ಜಾಗ. ಅಲ್ಲಿ ಒಬ್ಬ ಹುಡುಗ ತನ್ನ ಸೈಕಲ್ ಒರೆಸುತ್ತಿದ್ದ. ನಾನು ಇಳಿಯೋಕೆ ಒದ್ದಾಡೋದು ನೋಡಿ ಹತ್ತಿರ ಬಂದ. "ಸರ್, ಇದು ನಿಮ್ಮ ಮಗನ ಸೈಕಲ್ಲಾ?" ಅಂದ.

ಇಲ್ಲ, ನಂದೇ, ಹೊಸದು ಅಂದೆ. ಅವನು ಏನೂ ಮಾತಾಡಲಿಲ್ಲ. ಬಗ್ಗಿ ಸೀಟಿನ ಕೆಳಗಿನ ಫ್ರೇಮ್ ತೋರಿಸಿದ. ಅಲ್ಲಿ ಸೈಜಿನ ಸ್ಟಿಕ್ಕರ್ ಕೆರೆದು ಕಿತ್ತಿದ್ದರು. ಗೋಂದು ಹಾಗೇ ಉಳಿದು ಅದರ ಮೇಲೆ ಕಪ್ಪು ಧೂಳು ಕೂತಿತ್ತು. ಮೂಲೆಯಲ್ಲಿ ಒಂದು ಚೂರು ಮಾತ್ರ ಅಂಟಿಕೊಂಡಿತ್ತು, ಅದರಲ್ಲಿ 20 ಅಂತ ಅಂಕಿ. "20 ಇಂಚಿನ ಫ್ರೇಮ್ ಸರ್. ಆರಡಿ ಇರೋರಿಗೆ. ನಿಮಗೆ 15, 16 ಸಾಕು." ಆಮೇಲೆ ಕ್ಲ್ಯಾಂಪ್ ಸಡಿಲಿಸಿ ಸೀಟಿನ ಕಂಬಿಯನ್ನೇ ಹೊರಗೆ ಎಳೆದ. ಉದ್ದಕ್ಕೂ ಗೀರು. ತಳದಿಂದ ಸ್ವಲ್ಪ ಮೇಲೆ, ಕ್ಲ್ಯಾಂಪ್ ಬಹಳ ದಿನ ಕಚ್ಚಿ ಹಿಡಿದಿದ್ದ ಗುರುತು ಬಳೆಯ ಹಾಗೆ ಸುತ್ತಲೂ ಕೂತಿತ್ತು. ಆ ಗುರುತಿಗೆ ಸೀಟ್ ಏರಿಸಿ ತೋರಿಸಿದ. ಸೀಟ್ ನನ್ನ ಸೊಂಟಕ್ಕಿಂತ ಎಷ್ಟೋ ಮೇಲೆ ನಿಂತಿತು.

ಅಂದರೆ ಯಾರೋ ಎತ್ತರದ ಮನುಷ್ಯ ಓಡಿಸಿ ವಾಪಸ್ ಕೊಟ್ಟ ಸೈಕಲ್ ಇದು. ಅದರ ಸ್ಟಿಕ್ಕರ್ ಕೆರೆದು, ಒರೆಸಿ, ಹೊಸದು ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಮೈಯೆಲ್ಲ ಬಿಸಿಯಾಯಿತು. ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದರು, ಅವರ ಮುಖ ನೋಡೋಕೂ ಆಗಲಿಲ್ಲ. ನೋವೆಲ್ಲ ನನ್ನ ವಯಸ್ಸಿನದು ಅಂತ ಹೇಳಿ ಹೇಳಿ ನನ್ನನ್ನೇ ನಂಬಿಸಿದ್ದರಲ್ಲ. ಅದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತೆ.

ಮಾರನೇ ದಿನ ಆಟೋ ಮೇಲೆ ಸೈಕಲ್ ಹಾಕಿಕೊಂಡು ಅಂಗಡಿಗೆ ಹೋದೆ. ಮೊದಲು "ಡಿಸ್‌ಪ್ಲೇ ಪೀಸ್ ಇರಬಹುದು ಅಂಕಲ್" ಅಂದರು. ಬಾಕ್ಸ್ ಒಡೆದಿದ್ದು ಅಂದ್ರಲ್ಲ ಅಂದೆ. "ಹುಡುಗ ಹೇಳಿರ್ತಾನೆ." ದುಡ್ಡು ವಾಪಸ್ ಕೊಡಿ ಅಂದೆ. "ನೀವೂ ಓಡಿಸಿದ್ದೀರಲ್ಲ, ಈಗ ಸೆಕೆಂಡ್ ಹ್ಯಾಂಡ್ ಆಯ್ತು. 9,000 ಕೊಡ್ತೀನಿ." ಸೆಕೆಂಡ್ ಹ್ಯಾಂಡ್ ಕೊಟ್ಟವರು ಅವರು, ಅದನ್ನು ನನಗೇ ಹೇಳುತ್ತಿದ್ದಾರೆ! ನಾನು ದನಿ ಏರಿಸಿದ ಮೇಲೆ ಚೀಟಿ ಕೈಗೆ ತಗೊಂಡು, "ಇದರಲ್ಲಿ ಫ್ರೇಮ್ ನಂಬರ್ ಎಲ್ಲಿದೆ? ಈ ಸೈಕಲ್ ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ?" ಅಂದರು. ಕೊನೆಗೆ, ಬೇರೆ ಗಿರಾಕಿಗಳು ನಿಂತಿರುವಾಗಲೇ, "ಈ ವಯಸ್ಸಲ್ಲಿ ಸೈಕಲ್ ಯಾಕೆ ಅಂಕಲ್, ವಾಕಿಂಗ್ ಮಾಡಿ, ಖರ್ಚೂ ಇಲ್ಲ." ಕೆಲಸದ ಹುಡುಗರು ನಕ್ಕರು. ಆ ನಗು ನಾನು ಮರೆಯಲ್ಲ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೆ ಇರೋದೇ ತಪ್ಪು. ಹಳೆಯದನ್ನು ಹೊಸದು ಅಂತ ಮಾರೋದೂ ತಪ್ಪು. ಬಿಲ್‌ನಲ್ಲಿ ಅವಧಿ ಹಾಕಿಲ್ಲದಿದ್ದರೆ 30 ದಿನದೊಳಗೆ ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಗೋಡೆ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ್ದಾರಲ್ಲ, ಅದಕ್ಕೆ ಹೆದರಬೇಡಿ.

ನೀವು ಹೋದರೆ ಇಷ್ಟು ಮಾಡಿ. ಸೀಟಿಂದ ಇಳಿದು, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿ, ಫ್ರೇಮನ್ನು ಕಾಲುಗಳ ನಡುವೆ ಇಟ್ಟು ನಿಂತು ನೋಡಿ. ಮೇಲಿನ ಕಂಬಿಗೂ ನಿಮಗೂ ಒಂದೆರಡು ಇಂಚಾದರೂ ಜಾಗ ಇರಬೇಕು. ಇಲ್ಲದಿದ್ದರೆ ಆ ಸೈಕಲ್ ನಿಮ್ಮದಲ್ಲ, ಎಷ್ಟೇ ಅಂಕಲ್ ಅಂಕಲ್ ಅಂದರೂ. ಸೀಟಿನ ಕಂಬಿ ತೆಗೆಸಿ ನೋಡಿ. ಪೆಡಲ್ ಇರುವ ಕಡೆ ಫ್ರೇಮಿನ ತಳದಲ್ಲಿ ಸಾಮಾನ್ಯವಾಗಿ ನಂಬರ್ ಕೊರೆದಿರುತ್ತೆ, ಅದನ್ನು ಬಿಲ್ ಮೇಲೆ ಬರೆಸಿ. ಎಸ್ಟಿಮೇಟ್ ಚೀಟಿ ಕೊಟ್ಟರೆ ದುಡ್ಡು ಕೊಡದೆ ಎದ್ದು ಬನ್ನಿ.

ದೂರು ಹೋದ ಮೇಲೆ ಅಂಗಡಿಯಿಂದ ಫೋನ್ ಬಂತು. ಈಗ ಅಂಕಲ್ ಇಲ್ಲ, ಸರ್. "ಸರ್, 6,000 ಸೇರಿಸಿ ಕೊಡಿ, ಸರಿಯಾದ ಸೈಜ್ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ." ಒಂದು ರೂಪಾಯಿ ಸೇರಿಸಲ್ಲ, ದೂರೂ ವಾಪಸ್ ತಗೊಳ್ಳಲ್ಲ ಅಂತ ಹೇಳಿ ಫೋನ್ ಇಟ್ಟೆ. ಪೂರ್ತಿ 24,500 ಬರಲಿಲ್ಲ ಅಂದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇದೇ ರೀತಿ ಬೇರೆ ಯಾರಿಗಾದರೂ ಆಗಿದ್ದರೆ, ಚೀಟಿ ಮತ್ತು ದುಡ್ಡು ಕಟ್ಟಿದ ದಾಖಲೆ ಬಿಸಾಡಬೇಡಿ.