ಪೀಚ್ ಬಿಟ್ಟು ರಸಪುರಿ ಹಿಡಿದೆ: ಸುಲಾ ಬ್ರೂಟ್‌ನಿಂದ ಮನೆಯಲ್ಲೇ ಬೆಲ್ಲಿನಿ

ನಮ್ಮ ಹತ್ತನೇ ವಿವಾಹ ವಾರ್ಷಿಕೋತ್ಸವಕ್ಕೆ ನಮ್ಮವರು ಇಂದಿರಾನಗರದ ರೆಸ್ಟೋರೆಂಟೊಂದಕ್ಕೆ ಕರೆದುಕೊಂಡು ಹೋಗಿದ್ದರು. ಬೆಲ್ಲಿನಿಯನ್ನು ಮೊದಲ ಸಲ ಕುಡಿದದ್ದು ಅಲ್ಲಿಯೇ. ಪೀಚ್ ಹಣ್ಣಿನ ತಿರುಳಿನ ಮೇಲೆ ತಣ್ಣಗಿನ, ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ಸುರಿದು ಕೊಡುವ ಪಾನೀಯ ಅದು. ಆ ರೆಸ್ಟೋರೆಂಟ್ ಮುಚ್ಚಿಹೋಯಿತು, ರುಚಿ ಮಾತ್ರ ನನ್ನ ನಾಲಗೆಯನ್ನು ಬಿಡಲಿಲ್ಲ. ಜಯನಗರದ ನಮ್ಮ ಅಡುಗೆಮನೆಯಲ್ಲಿ ಅದನ್ನು ಮತ್ತೆ ಪಡೆಯಲು ಎರಡು ಬೇಸಿಗೆ ಹಿಡಿಯಿತು, ಸುಲಾ ಬ್ರೂಟ್ ಎಂಬ ಸ್ಪಾರ್ಕ್ಲಿಂಗ್ ವೈನ್ ಮೂರು ಬಾಟಲಿ ಖರ್ಚಾಯಿತು. ಬೆಲ್ಲಿನಿಗೆ ಈ ವೈನ್ ಕೊಳ್ಳಬಹುದೇ ಎಂದು ಕೇಳಿದರೆ, ಧಾರಾಳವಾಗಿ ಕೊಳ್ಳಿ ಎನ್ನುತ್ತೇನೆ. ಪೀಚ್ ಹಣ್ಣನ್ನು ಮಾತ್ರ ಮರೆತುಬಿಡಿ.

ಮೊದಲ ಪ್ರಯತ್ನದಲ್ಲಿ ಅಂಗಡಿಯ ಪೀಚ್ ಸಿರಪ್ ಬಳಸಿದೆ. ಬರೀ ಸಕ್ಕರೆ ಪಾಕ. ಮುಂದಿನ ಸಲ ಹಿಮಾಚಲದಿಂದ ಬಂದ ಪೀಚ್ ತಂದೆ. ದೂರದ ಪ್ರಯಾಣಕ್ಕೆಂದು ಬಲಿಯುವ ಮೊದಲೇ ಕಿತ್ತ ಹಣ್ಣುಗಳು. ನಾಲ್ಕು ದಿನ ಇಟ್ಟರೆ ಮೆತ್ತಗಾದವೇ ಹೊರತು ಸಿಹಿಯಾಗಲಿಲ್ಲ. ಕೊಯ್ದ ಮೇಲೆ ಪೀಚ್‌ನಲ್ಲಿ ಸಕ್ಕರೆ ಹೆಚ್ಚುವುದಿಲ್ಲ ಎಂಬುದನ್ನು ಆಮೇಲೆ ತಿಳಿದುಕೊಂಡೆ.

ತಪ್ಪು ಹಣ್ಣಿನದು ಮಾತ್ರವಲ್ಲ, ಜೋಡಿಯದೂ ಹೌದು. ವೆನಿಸ್‌ನ ಹ್ಯಾರೀಸ್ ಬಾರ್‌ನಲ್ಲಿ ಜುಸೆಪ್ಪೆ ಚಿಪ್ರಿಯಾನಿ ಈ ಪಾನೀಯವನ್ನು ಮಾಡಿದ್ದು ಬಿಳಿ ಪೀಚ್ ಮತ್ತು ಪ್ರೊಸೆಕ್ಕೊ ವೈನಿನಿಂದ. ಅದರ ನಸುಗುಲಾಬಿ ಬಣ್ಣ ಕಂಡು ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಹೆಸರಿಟ್ಟ. ಪ್ರೊಸೆಕ್ಕೊ ಸಾಮಾನ್ಯವಾಗಿ ಗುಳ್ಳೆ ಬರಲೆಂದು ಎರಡನೇ ಸಲ ಹುದುಗುವುದು ದೊಡ್ಡ ಉಕ್ಕಿನ ತೊಟ್ಟಿಯಲ್ಲಿ; ಹಾಗಾಗಿ ಅದು ಹಗುರ, ಹಣ್ಣಿನ ಪರಿಮಳವೇ ಮುಂದು. ನಾಸಿಕದ ಸುಲಾ ಬ್ರೂಟ್ ಎರಡನೇ ಸಲ ಹುದುಗುವುದು ಬಾಟಲಿಯೊಳಗೇ, ಫ್ರಾನ್ಸಿನ ಶಾಂಪೇನ್ ಪದ್ಧತಿಯಂತೆ. ಹಸಿರು ಸೇಬಿನ ಹುಳಿಯ ಹಿಂದೆ ಆಗತಾನೇ ಬೆಂದ ಬ್ರೆಡ್ಡಿನ ವಾಸನೆ ನನಗೆ ಸ್ಪಷ್ಟವಾಗಿ ಸಿಗುತ್ತದೆ. ಗುಳ್ಳೆಗಳು ಸಣ್ಣವು, ಬೇಗ ಸಾಯುವುದಿಲ್ಲ. ಬರಿದೇ ಕುಡಿಯಲು ನನಗೆ ಬಹಳ ಇಷ್ಟ. ಆದರೆ ಇಂಥ ವೈನಿನ ಮುಂದೆ ಬಡಪಾಯಿ ಪೀಚ್ ದನಿಯೇ ಎತ್ತಲಿಲ್ಲ.

ಹ್ಯಾರೀಸ್ ಬಾರ್‌ನಲ್ಲಿಯೂ ಮೊದಮೊದಲು ಬೆಲ್ಲಿನಿ ಸಿಗುತ್ತಿದ್ದುದು ಪೀಚ್ ಹಣ್ಣಾಗುವ ಕಾಲದಲ್ಲಿ ಮಾತ್ರ. ಅಲ್ಲಿಯವರು ತಮ್ಮ ಋತುವಿನ ಹಣ್ಣು ಹಾಕಿದರು, ನಾನೇಕೆ ಹಿಮಾಚಲದ ಕಡೆ ನೋಡುತ್ತಾ ಕೂರಬೇಕು? ಮೇ ತಿಂಗಳ ಕೊನೆ. ಮನೆ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಲ್ಲಿ ರಸಪುರಿ ರಾಶಿ ಬಿದ್ದಿತ್ತು.

ಬಾದಾಮಿ ಮಾವೇ ಶ್ರೇಷ್ಠ ಎನ್ನುವವರೊಂದಿಗೆ ನನ್ನ ಜಗಳವಿಲ್ಲ. ಅದನ್ನೂ ಮಾಡಿ ನೋಡಿದೆ. ಅದರ ದಪ್ಪ ತಿರುಳು ತಳದಲ್ಲೇ ಕುಳಿತು ವೈನನ್ನು ಮೇಲೆ ತೇಲಿಸಿತು. ರಸಪುರಿಯಾದರೋ ಹೆಸರೇ ಹೇಳುವಂತೆ ರಸದ ಹಣ್ಣು. ಅಮ್ಮ ಸೀಕರಣೆಗೆ ಬೇರೆ ಮಾವು ಮುಟ್ಟುತ್ತಿರಲಿಲ್ಲ. ಸಿಹಿಯ ಅಂಚಿನಲ್ಲಿ ಅದಕ್ಕೊಂದು ಹುಳಿಯಿದೆ. ಆ ಹುಳಿ ವೈನಿನ ಹುಳಿಗೆ ಸರಿಯಾಗಿ ಹೊಂದುತ್ತದೆ, ಬ್ರೆಡ್ಡಿನ ವಾಸನೆಗೆ ಮಾವಿನ ಘಮವೂ ಹೆದರುವುದಿಲ್ಲ.

ಹಣ್ಣನ್ನು ಮಿಕ್ಸಿಗೆ ಹಾಕಬೇಡಿ. ಗಾಳಿ ಸೇರಿ ತಿರುಳು ನೊರೆಯಾಗುತ್ತದೆ. ಸೀಕರಣೆಗೆ ಮಾಡುವಂತೆಯೇ ಕೈಯಿಂದ ಹಿಂಡಿ, ನಾರು ಹೋಗುವಂತೆ ಜಾಲರಿಯಲ್ಲಿ ಸೋಸಿ. ಸಕ್ಕರೆ, ಏಲಕ್ಕಿ ಏನೂ ಬೇಡ. ರಸವನ್ನೂ ಬಾಟಲಿಯನ್ನೂ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಗ್ಲಾಸಿಗೆ ಮೊದಲು 50 ಮಿಲಿ ಲೀಟರ್ ರಸ, ಮೇಲೆ 100 ಮಿಲಿ ಲೀಟರ್ ವೈನ್. ತಿರುಳಿನ ಸಣ್ಣ ಕಣಗಳು ತಗುಲಿದ ಕೂಡಲೇ ಗುಳ್ಳೆಗಳು ಎದ್ದು ಹಾಲಿನಂತೆ ಉಕ್ಕುತ್ತವೆ. ಒಂದೇ ಸಲ ಸುರಿದು ಒಂದು ಗ್ಲಾಸನ್ನು ಮೇಜಿಗೆ ಚೆಲ್ಲಿದ್ದೇನೆ. ಗ್ಲಾಸನ್ನು ಓರೆ ಹಿಡಿದು, ಮೂರು ಸಲಕ್ಕೆ ಸುರಿಯಿರಿ. ಪ್ರತಿ ಸಲವೂ ನೊರೆ ಇಳಿಯುವವರೆಗೆ ಕಾಯಿರಿ. ಕೊನೆಗೆ ಚಮಚದಿಂದ ತಳದ ರಸವನ್ನು ಒಮ್ಮೆ ಮೆಲ್ಲಗೆ ಎತ್ತಿದರೆ ಸಾಕು.

ಮೊದಲ ಗುಟುಕು ಕುಡಿದ ನಮ್ಮವರು, "ಇದು ಅಂದಿನದಲ್ಲ" ಎಂದರು. ನಿಜ. ಇನ್ನೊಂದು ಗುಟುಕು ಕುಡಿದು, "ಇದೇ ಇರಲಿ" ಎಂದು ಗ್ಲಾಸನ್ನು ಮತ್ತೆ ಮುಂದಕ್ಕೆ ನೀಡಿದರು.

ಬಾಟಲಿಯಲ್ಲಿ 750 ಮಿಲಿ ಲೀಟರ್ ಇರುತ್ತದೆ, ಏಳು ಗ್ಲಾಸ್ ಆಗುತ್ತದೆ. ಬಿರಡೆ ತೆಗೆದ ಮೇಲೆ ಮರುದಿನಕ್ಕೆ ಉಳಿಸಿದರೆ ಗುಳ್ಳೆ ಕಡಿಮೆಯಾಗುವುದರಿಂದ ಇಬ್ಬರಿಗಾಗಿ ತೆರೆಯುವುದು ನಷ್ಟ. ಈ ಭಾನುವಾರ ತಂಗಿಯ ಮನೆಯವರನ್ನು ಕರೆದಿದ್ದೇನೆ. ಎರಡು ಡಜನ್ ರಸಪುರಿ ಹುಲ್ಲಿನಲ್ಲಿವೆ.